ಎರಡು ಸಲ ಪೆಟ್ರೋಲು, ಒಂದು ತಾಸು ನನ್ನದು

ನನ್ನ ಎಡ ಮೊಣಕಾಲು ಹೋಗಿದೆ. ಬಿದ್ದು ಪೆಟ್ಟಾದದ್ದಲ್ಲ, ಕ್ಲಚ್ ತುಳಿದು ತುಳಿದು ಹೋದದ್ದು. ಅಂಕೋಲೆಗೂ ಕಾರವಾರಕ್ಕೂ ನಡುವೆ ಪ್ಯಾಸೆಂಜರ್ ಟೆಂಪೊ ಓಡಿಸಲು ಹಿಡಿದು ಇಪ್ಪತ್ತು ವರ್ಷದ ಮೇಲಾಯಿತು. ಅವರ್ಸಾ, ಹಟ್ಟಿಕೇರಿ, ಅಮದಳ್ಳಿ, ಚೆಂಡಿಯಾ, ಅರ್ಗಾ, ಬಿನಗಾ ಎಲ್ಲ ಜನರಿಗೆ ಊರುಗಳು. ನನಗೆ ಅವು ಬ್ರೇಕ್ ಹಾಕುವ ಜಾಗಗಳು. ಒಂದು ಊರಿಗೂ ಮತ್ತೊಂದು ಊರಿಗೂ ನಡುವೆ ಗೂಡಂಗಡಿ, ಶಾಲೆ, ಯಾರದೋ ಮನೆಯ ದಣಪೆ ಬಾಗಿಲು, ಎಲ್ಲಿ ಯಾರು ಕೈ ಮಾಡಿದರೂ ನಿಲ್ಲಿಸಬೇಕು. ಹೆದ್ದಾರಿ ಅಗಲವಾಯಿತು, ಉಳಿದವರೆಲ್ಲ ಹಾರಿಕೊಂಡು ಹೋದರು, ನಾನು ಮಾತ್ರ ಎಡಗಡೆ ಅಂಚು ಹಿಡಿದು ನಿಲ್ಲಿಸುತ್ತ ನಿಲ್ಲಿಸುತ್ತ ಹೋಗುತ್ತೇನೆ. ನಾಲ್ಕನೇ ಗೇರು ನನ್ನ ಮಟ್ಟಿಗೆ ನೆಂಟರ ಹಾಗೆ, ಬಂದರೂ ಹೆಚ್ಚು ಹೊತ್ತು ಕೂರುವುದಿಲ್ಲ.

ಆದ್ದರಿಂದ ಹೆಂಡತಿಯ ತಮ್ಮ ಬಂದು ಕಾರ್ ರೇಸಿನ ಮಾತೆತ್ತಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ.

"ನಡುವೆ ನಿಲ್ಸೂದು ಉಂಟನಾ?"

"ಪೆಟ್ರೋಲಿಗೆ ಮಾತ್ರ, ಭಾವ."

"ಹಾಗಾದ್ರೆ ನಾ ಬತ್ತೆ."

ಅವನದು ಬಾಳೆಗುಳಿಯಲ್ಲಿ ಗ್ಯಾರೇಜು. ಕಾರಿನ ಹುಚ್ಚಿನ ಕೆಲವರು ಸೇರಿ, ಕೆಂಪು ಚಿರೆಕಲ್ಲು ಕಡಿದು ತೆಗೆದು ಬಿಟ್ಟ ಒಂದು ಬಯಲಿನಲ್ಲಿ ನಾಲ್ಕು ತಾಸಿನ ಓಟ ಇಟ್ಟಿದ್ದರು. ಹಳೆಯ ಸಣ್ಣ ಕಾರುಗಳು ಮಾತ್ರ. ಯಾರು ಜೋರಾಗಿ ಓಡಿಸಿದರು ಎನ್ನುವುದಕ್ಕಿಂತ ನಾಲ್ಕು ತಾಸಿನಲ್ಲಿ ಯಾರ ಕಾರು ಹೆಚ್ಚು ಸುತ್ತು ಹಾಕಿತು ಎನ್ನುವುದೇ ಲೆಕ್ಕ. ಒಂದು ಕಾರಿಗೆ ಮೂವರು ಚಾಲಕರು: ಭಾವಮೈದುನ, ಹಣಕೋಣದ ಒಬ್ಬ ಆಟದ ಮಾಸ್ತರು, ಮತ್ತು ನಾನು.

ಮೊದಲು ನಾನು ಇದನ್ನು ಮಕ್ಕಳಾಟ ಎಂದುಕೊಂಡಿದ್ದೆ. ನಿಯಮದ ಹಾಳೆ ಓದಿದ ಮೇಲೆ ತಲೆ ತಿರುಗಿತು. ಓಡಿಸುವುದರ ಬಗ್ಗೆ ಅದರಲ್ಲಿ ಇದ್ದದ್ದು ಕಡಿಮೆ, ನಿಲ್ಲಿಸುವುದರ ಬಗ್ಗೆಯೇ ಹೆಚ್ಚು. ಶುರುವಿನಲ್ಲಾಗಲಿ ನಡುವೆಯಾಗಲಿ, ಟ್ಯಾಂಕಿಗೆ ಒಂದು ಸಲಕ್ಕೆ ಎಂಟು ಲೀಟರಿಗಿಂತ ಹೆಚ್ಚು ಹಾಕುವಂತಿಲ್ಲ. ಹಾಕುವುದು ಸುಣ್ಣದ ಗೆರೆ ಎಳೆದ ಚೌಕದೊಳಗೆ ಮಾತ್ರ. ಎಂಜಿನ್ ಬಂದ್ ಆಗಿರಬೇಕು, ಚಾಲಕ ಕೆಳಗಿಳಿದಿರಬೇಕು. ಒಬ್ಬ ಕ್ಯಾನಿನಿಂದ ಸುರಿಯಬೇಕು, ಒಬ್ಬ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲಿ ನಿಲ್ಲಬೇಕು. ಮೂರನೆಯವನು ಕಾರು ಮುಟ್ಟುವಂತಿಲ್ಲ, ಗಾಳಿ ನೋಡುವುದಿದ್ದರೂ ಪೆಟ್ರೋಲಿನ ಮುಚ್ಚಳ ಹಾಕಿದ ಮೇಲೆ. ಸುರಿದು ಬೇಗ ಮುಗಿದರೂ ಐದು ನಿಮಿಷ ಅಲ್ಲೇ ನಿಲ್ಲಬೇಕು, ಗಡಿಬಿಡಿ ಮಾಡಿ ಯಾರೂ ಸುಟ್ಟುಕೊಳ್ಳಬಾರದು ಎಂದು. ತಪ್ಪಿದರೆ ಹದಿನೈದು ನಿಮಿಷ ಕಾರು ಕದಲುವಂತಿಲ್ಲ.

ನಾವು ಎರಡು ಭಾನುವಾರ ಗ್ಯಾರೇಜಿನ ಹಿಂದೆ ಕುಳಿತು ಲೆಕ್ಕ ಹಾಕಿದೆವು. ಭಾವಮೈದುನ ಡಾಂಬರು ರಸ್ತೆಯ ಮೈಲೇಜು ಹಿಡಿದು ಒಂದೇ ಸಲ ಪೆಟ್ರೋಲು ಹಾಕಿದರೆ ಸಾಕು ಎಂದ. ಎರಡನೇ ಗೇರಿನಲ್ಲಿ ಗುಂಡಿ ಹತ್ತಿಳಿಯುವ ಕಾರು ಎಷ್ಟು ಕುಡಿಯುತ್ತದೆ ಎಂದು ನನಗೆ ಗೊತ್ತು, ಅದನ್ನು ಯಾರೂ ನನಗೆ ಕಲಿಸಬೇಕಾಗಿಲ್ಲ. ಕೊನೆಗೆ ನನ್ನ ಲೆಕ್ಕವೇ ನಿಂತಿತು. ಎಂಟು ಲೀಟರು ಒಂದೂವರೆ ತಾಸಿಗೆ ಬರುತ್ತದೆ, ಅಷ್ಟು ಕಾಯದೆ ಐದು ನಿಮಿಷ ಮೊದಲೇ ಒಳಗೆ ಕರೆಯುವುದು. ಮೊದಲು ಭಾವಮೈದುನ, ಪೆಟ್ರೋಲು, ಆಮೇಲೆ ಮಾಸ್ತರು, ಪೆಟ್ರೋಲು, ಕೊನೆಗೆ ನಾನು. ಎಲ್ಲ ಕಳೆದು ನನಗೆ ಉಳಿಯುವುದು ಸರಿಯಾಗಿ ಒಂದು ತಾಸು. ಒಂದು ತಾಸು ಎಲ್ಲೂ ನಿಲ್ಲಿಸದೆ ಗಾಡಿ ಓಡಿಸುವುದು. ಈ ವಯಸ್ಸಿನಲ್ಲಿ ಆಸೆ ಎಂದು ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ, ಆ ತಾಸಿನ ಆಸೆ ನನಗೆ ಬಹಳ ಇತ್ತು.

ಮಧ್ಯಾಹ್ನ ಎರಡಕ್ಕೆ ಶುರುವಾಯಿತು. ಬಯಲಿನಲ್ಲಿ ನೆರಳಿಲ್ಲ, ಕೆಂಪು ಧೂಳು ಬಾಯಿಗೆ, ಮೂಗಿಗೆ, ಕುಡಿಯುವ ನೀರಿಗೆ. ಮುಂಜಾನೆ ಒಂದು ಟ್ರಿಪ್ ಹೊಡೆದು ಬಂದಿದ್ದೆ, ನಿಂತಲ್ಲೇ ಕಣ್ಣು ಎಳೆಯುತ್ತಿತ್ತು. ಮೊದಲ ಸಲ ನಾನೇ ಸುರಿದೆ, ಮಾಸ್ತರಿಗೆ ಕಾರು ಸಿಕ್ಕಿತು, ಏನೂ ತೊಂದರೆಯಾಗಲಿಲ್ಲ. ಅವರು ಓಡಿಸಿ ಮುಗಿಸುವ ಹೊತ್ತಿಗೆ ನಾವು ಮೂರನೇ ಸ್ಥಾನದಲ್ಲಿದ್ದೆವು. ಭಾವಮೈದುನ ಆಗಲೇ ಗ್ಯಾರೇಜಿನ ಯಾವ ಗೋಡೆಗೆ ಫೋಟೋ ಹಾಕುವುದು ಎಂದು ಮಾತಾಡುತ್ತಿದ್ದ.

ಮಾಸ್ತರು ಚೌಕದೊಳಗೆ ತಂದು ನಿಲ್ಲಿಸಿ ಇಳಿದರು. ಭಾವಮೈದುನ ಕ್ಯಾನ್ ಎತ್ತಿದ, ಮಾಸ್ತರು ಸಿಲಿಂಡರ್ ಹಿಡಿದರು. ನನಗಿದ್ದ ಕೆಲಸ ಹೆಲ್ಮೆಟ್ ಹಾಕಿಕೊಂಡು ಕೈ ಕಟ್ಟಿ ನಿಲ್ಲುವುದು, ಅಷ್ಟೇ. ಆದರೆ ನನ್ನ ಕಸುಬಿನಲ್ಲಿ ಪೆಟ್ರೋಲು, ಡೀಸೆಲ್ಲು ಬೀಳುವಾಗ ಚಾಲಕ ಸುಮ್ಮನೆ ನಿಲ್ಲುವುದಿಲ್ಲ. ಇಡೀ ದಿನದಲ್ಲಿ ಗಾಡಿಯ ಮುಂದೆ ನಿಂತು ಅದರ ಮುಖ ನೋಡಲು ಸಿಗುವುದು ಆ ಎರಡು ನಿಮಿಷ. ಗಾಜು ಒರೆಸುತ್ತೇವೆ. ಪಂಪಿನ ಹುಡುಗಿ ಎಷ್ಟು ಹಾಕಲಿ ಎಂದು ಕೇಳುವ ಮೊದಲೇ ಬಟ್ಟೆ ಕೈಗೆ ಬಂದಿರುತ್ತದೆ. ಇಲ್ಲೂ ಬಂತು. ಗಾಜಿನ ತುಂಬ ಕೆಂಪು ಮಣ್ಣು ಕೂತಿತ್ತು. ಎರಡು ಸಲ ಎಳೆದಿದ್ದೆ, ಅಷ್ಟರಲ್ಲಿ ಚೌಕ ಕಾಯುವವರು ಸೀಟಿ ಊದಿದರು.

ಯಾರಿಗೆ ಊದಿದ್ದು ಎಂದು ನಾನು ಹಿಂದೆ ತಿರುಗಿ ನೋಡಿದೆ. ನನಗೇ.

"ಅರೇ ದೇವಾ," ಎಂದರು ಮಾಸ್ತರು. ಭಾವಮೈದುನ ಕ್ಯಾನ್ ಕೆಳಗಿಟ್ಟ. "ಭಾವ, ಎಂತ ಮಾಡೂಕೆ ಹೋದ್ರಿ ಮಾರಾಯ್ರೇ! ನಿಯಮ ಓದಿ ಹೇಳಿದ್ದು ನೀವೇ ಅಲ್ದಾ?"

ಹೌದು, ನಾನೇ. ಮೂರನೆಯವನು ಕಾರು ಮುಟ್ಟುವಂತಿಲ್ಲ ಎಂದು ಓದಿ ಹೇಳಿದವನು. ಕಾರು ಹದಿನೈದು ನಿಮಿಷ ಸುಣ್ಣದ ಚೌಕದಲ್ಲಿ ನಿಂತಿತು, ಬೇರೆ ಕಾರುಗಳು ನಮ್ಮ ಮುಂದಿನಿಂದ ಹೋಗುತ್ತಲೇ ಇದ್ದವು. ನಾವು ಮೂರರಿಂದ ಐದಕ್ಕೆ ಇಳಿದೆವು. ನನಗೆ ನನ್ನ ಮೇಲೇ ಸಿಟ್ಟು ಬಂತು, ಆಮೇಲೆ ಸಿಟ್ಟಿಗೂ ತ್ರಾಣ ಉಳಿಯದೆ ಅಲ್ಲೇ ಕಲ್ಲಿನ ಮೇಲೆ ಕುಳಿತೆ.

ಭಾವಮೈದುನ ಪಕ್ಕಕ್ಕೆ ಬಂದ. ದನಿ ತಗ್ಗಿಸಿ, ಬಹಳ ಮರ್ಯಾದೆಯಿಂದ ಕೇಳಿದ.

"ನಿಮ್ಗೆ ಸುಸ್ತಾಗಿದೆ. ಕಾಲೂ ನೋವು. ಈ ಮುಕ್ಕಾಲು ತಾಸು ನಾನೇ ಹೋಗ್ಲಾ? ಇನ್ನೂ ಮೂರನೇ ನಂಬರಿಗೆ ಬರೂಕೆ ಆಗ್ತದೆ."

ಅವನು ಹೇಳಿದ್ದು ಸರಿ. ನನಗಿಂತ ಅವನು ಚೆನ್ನಾಗಿ ಓಡಿಸುತ್ತಾನೆ. ತಪ್ಪು ಮಾಡಿದವನು ನಾನು, ಸುಸ್ತಾದವನೂ ನಾನು. ಬೇರೆ ದಿನವಾದರೆ ಹೆಲ್ಮೆಟ್ ಬಿಚ್ಚಿ ಅವನ ಕೈಗೆ ಕೊಡುತ್ತಿದ್ದೆ.

"ಇಲ್ಲ. ನಾನೇ ಹೋಗ್ತೆ," ಎಂದೆ.

ಅವನು ಮುಖ ಆಚೆ ತಿರುಗಿಸಿದ. ನಾನು ಹತ್ತಿ ಕುಳಿತೆ.

ಮೊದಲ ನಾಲ್ಕಾರು ಸುತ್ತು ಎಡಗಾಲು ಉರಿಯಿತು. ಆಮೇಲೆ ಅದನ್ನು ಮರೆತೆ. ಯಾರೂ ಹತ್ತಲಿಲ್ಲ, ಯಾರೂ ಇಳಿಯಲಿಲ್ಲ, ಚಿಲ್ಲರೆಗಾಗಿ ಯಾರೂ ಜಗಳ ಆಡಲಿಲ್ಲ. ತಿರುವು ಮುಗಿದರೆ ಮುಂದೆ ಮತ್ತೊಂದು ತಿರುವು, ಅಷ್ಟೇ. ಜೋರಾಗಿ ಓಡಿಸುವುದು ನನಗೆ ಬರುವುದಿಲ್ಲ, ಗುಂಡಿ ತಪ್ಪಿಸುವುದು ಬರುತ್ತದೆ. ಅದೇ ನಡೆಯಿತು. ನಮ್ಮ ಮುಂದಿದ್ದ ಎರಡು ಕಾರಿನವರು ಒಂದೇ ಸಲ ಪೆಟ್ರೋಲು ಹಾಕಿ ಮುಗಿಸುವ ಲೆಕ್ಕದಲ್ಲಿದ್ದರು. ಒಂದು ಕಾರು ದೂರದ ತಿರುವಿನಲ್ಲಿ ಪೆಟ್ರೋಲು ಬತ್ತಿ ನಿಂತಿತು, ಇನ್ನೊಂದು ಕೊನೆ ಗಳಿಗೆಯಲ್ಲಿ ಚೌಕಕ್ಕೆ ಓಡಿತು. ಭಾವಮೈದುನ ಗೆರೆಯ ಹತ್ತಿರ ಹಲಗೆಯ ಮೇಲೆ ದೊಡ್ಡದಾಗಿ ಮೂರು ಎಂದು ಬರೆದು ಹಿಡಿದು ಕುಣಿಯುತ್ತಿದ್ದ. ನಾನು ಕಂಡೆ ಎಂದು ತಲೆ ಆಡಿಸಿದೆ.

ಆರು ಗಂಟೆಗೆ ಕಪ್ಪು ಬಿಳಿ ಚೌಕದ ಬಾವುಟ ಬೀಸಿದರು. ಅದು ಕಂಡ ಕೂಡಲೇ ನಿಧಾನ ಮಾಡಿ ಎಡಗಡೆಯ ದಾರಿಯಿಂದ ಹೊರಗೆ ಬರಬೇಕು, ಬಿಟ್ಟು ಇನ್ನೊಂದು ಸುತ್ತು ಹೋದ ಕಾರಿಗೆ ಸ್ಥಾನವಿಲ್ಲ. ನಿಯಮದ ಹಾಳೆಯ ಕೊನೆಯ ಸಾಲು ಅದು. ನನಗೆ ಬಾಯಿಪಾಠ ಬರುತ್ತಿತ್ತು.

ನಾನು ಎಡಗಡೆ ತಿರುಗಿಸಲಿಲ್ಲ.

ಆ ಸುತ್ತಿನಲ್ಲಿ ಹಿಂದೆ ಮುಂದೆ ಬೇರೆ ಕಾರುಗಳಿರಲಿಲ್ಲ. ಧೂಳು ಕೆಳಗೆ ಕೂತಿತ್ತು. ಬಿಸಿಲು ಇಳಿದು ಬಯಲಿನ ಕಲ್ಲುಗಳೆಲ್ಲ ಮಾಗಿದ ಹಣ್ಣಿನ ಬಣ್ಣಕ್ಕೆ ಬಂದಿದ್ದವು. ನಾಲ್ಕನೇ ಗೇರಿಗೆ ಹಾಕಿದೆ. ಖುಷಿಯಾಯಿತು. ನಾಚಿಕೆಯೂ ಆಯಿತು, ಆದರೆ ಖುಷಿಯೇ ಹೆಚ್ಚು.

ಗೆರೆಯ ಹತ್ತಿರ ಮತ್ತೆ ಬರುವಾಗ ಬಾವುಟದವನು ದಾರಿಯ ಅಂಚಿಗೆ ಬಂದು ಕೈ ಅಡ್ಡ ಹಿಡಿದಿದ್ದ. ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

ಹಲಗೆಯ ಮೇಲಿನ ಮೂರನ್ನು ಮಾಸ್ತರು ಆಗಲೇ ಅಳಿಸಿದ್ದರು. ಭಾವಮೈದುನ ಬಾಗಿಲು ತೆಗೆದು ಬಗ್ಗಿ ನನ್ನ ಮುಖ ನೋಡಿದ.

"ಬಾವುಟ ಕಾಣ್ಲಿಲ್ವಾ ಭಾವ?"

ಇಲ್ಲ ಎಂದಿದ್ದರೆ ನಂಬುತ್ತಿದ್ದ.

"ಕಂಡಿತ್ತು," ಎಂದೆ.

ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ, ಅದು ನ್ಯಾಯವೂ ಆಗಿತ್ತು.

"ಹೋಗೂದು ಹೋದ್ರಿ," ಎಂದ ಅವನು, "ಮತ್ತೆ ಒಂದೇ ಸುತ್ತಿಗೆ ಎಂತಕ್ಕೆ ನಿಲ್ಸಿದ್ರಿ?"

"ಕೈ ಮಾಡಿದ್ರಲ್ಲ ಮಾರಾಯಾ," ಎಂದೆ.