ದ್ಯಾವಯ್ಯನ ಹಗ್ಗ ಹಿಡಿಯುವವರು ಯಾರು?

ಬೆಳಗಿನ ಐದೂವರೆ. ಹಿರೀಸಾವೆಯಿಂದ ಮೂರು ಮೈಲಿ ಆಚೆಗಿನ ಬಾವಲಿಗಲ್ಲೆಂಬ ಹೆಬ್ಬಂಡೆಯ ಬುಡದಲ್ಲಿ ದ್ಯಾವಯ್ಯ ಅಂಗೈಗೆ ಬೂದಿ ತಿಕ್ಕಿಕೊಳ್ಳುತ್ತಿದ್ದಾರೆ. ಬರಿಗಾಲು, ಎತ್ತಿ ಕಟ್ಟಿದ ಪಂಚೆ, ಜೇನು ತುಂಬಲು ಬೆನ್ನಿಗೊಂದು ಖಾಲಿ ಸೀಮೆಎಣ್ಣೆ ಡಬ್ಬ. ನಾನು ಬೀಡಿ ಹಚ್ಚಿ ತಲೆಯೆತ್ತುವಷ್ಟರಲ್ಲಿ ಅವರು ಎರಡಾಳು ಎತ್ತರಕ್ಕೆ ಹೋಗಿದ್ದಾರೆ. ಕಾಲಿಡಲು ಜಾಗವೇ ಇಲ್ಲವೆಂದು ನನಗೆ ಕಂಡ ಕಡೆಯಲ್ಲೆಲ್ಲ ಅವರ ಹೆಬ್ಬೆರಳಿಗೆ ಜಾಗ ಸಿಗುತ್ತದೆ.

ಕಲ್ಲಿನ ಸಂದಿಯೊಳಗಿದ್ದ ಒಂದಿಷ್ಟು ತುಡುವೆ ಜೇನು ಕಿತ್ತುಕೊಂಡು ಇಳಿದು ಬಂದರು. ಈಗ ಅವರಿಗೆ ದಕ್ಕುವುದು ಇಷ್ಟೇ. ಹೆಜ್ಜೇನಿರುವುದು ಇನ್ನೂ ಮೇಲೆ, ಮುಂಚಾಚಿದ ಬಂಡೆಯ ಅಡಿಯಲ್ಲಿ. ಕೆಳಗಿನಿಂದ ಎಣಿಸಿದೆ, ಹನ್ನೊಂದು ಹುಟ್ಟು. ಅಲ್ಲಿಗೆ ನೆತ್ತಿಯಿಂದ ಹಗ್ಗದಲ್ಲೇ ಇಳಿಯಬೇಕು. ಮೂರು ವರ್ಷದಿಂದ ಅವನ್ನು ಯಾರೂ ಮುಟ್ಟಿಲ್ಲ.

ದ್ಯಾವಯ್ಯನವರಿಗೆ ಐವತ್ತೆಂಟು. ಮೊದಲ ಸಲ ಹಗ್ಗ ಕಟ್ಟಿದ್ದು ಮೂವತ್ತಮೂರು ವರ್ಷದ ಹಿಂದೆ, 1930ರಲ್ಲಿ, ಮದುವೆಯಾದ ಮರುವರ್ಷ. ಲಗ್ನವಾಗದವನು ಇಳಿಯುವಂತಿಲ್ಲ, ಏಕೆಂದರೆ ಮೇಲೆ ಹಗ್ಗ ಹಿಡಿಯುವವನು ಹೆಂಡತಿಯ ಒಡಹುಟ್ಟಿದವನೇ ಆಗಿರಬೇಕು. ಇಳಿಯುವವನ ಸ್ವಂತ ಅಣ್ಣತಮ್ಮಂದಿರನ್ನು ಈ ಕೆಲಸಕ್ಕೆ ನಂಬುವುದಿಲ್ಲ. ಅವರು ಕೈ ಬಿಟ್ಟರೆ ಆಸ್ತಿಯಲ್ಲಿ ಅವನ ಪಾಲು ಅವರಿಗೇ ಉಳಿಯುತ್ತದೆ. ಭಾವಮೈದ ಬಿಟ್ಟರೆ ಅವನ ಅಕ್ಕನ ಕುಂಕುಮವೇ ಅಳಿಯುತ್ತದೆ. ಈ ಲೆಕ್ಕಾಚಾರ ಹಾಕಿದ ಹಿರಿಯರಿಗೆ ಮನುಷ್ಯರು ಚೆನ್ನಾಗಿ ಗೊತ್ತಿದ್ದರು ಅನ್ನಿ.

ಸುತ್ತಿನ ನಾಲ್ಕು ಊರುಗಳಲ್ಲಿ ಕಲ್ಲಿಳಿಯುವವರ ಒಂಬತ್ತು ಜೋಡಿ ಇದ್ದವಂತೆ. ಸುಗ್ಗಿ ಕಳೆದ ಮೇಲೆ ಎಲ್ಲರೂ ಈ ಕಲ್ಲಿನ ಬುಡದಲ್ಲಿ ಸೇರಿ ತಮ್ಮ ಕತ್ತಾಳೆ ಹಗ್ಗಗಳನ್ನು ದ್ಯಾವಯ್ಯನವರ ಮುಂದೆ ಹಾಕುತ್ತಿದ್ದರು. ಎಳೆ ಬಿಡಿಸಿ, ಮೂಸಿ ನೋಡಿ ಇವರು ಹೂಂ ಎಂದರೆ ಮಾತ್ರ ಆ ಹಗ್ಗ ಕಲ್ಲಿಗೆ. ಇವರು ಹೂಂ ಎಂದ ಹಗ್ಗ ಒಂದೂ ಹರಿದಿಲ್ಲ. ಬರಬರುತ್ತ ಕೆಲವರು ನಾಲೆ ಕೆಲಸಕ್ಕೆ ಹೋದರು, ಕೆಲವರು ಹಾಸನದಲ್ಲಿ ಗಾರೆ ಕೆಲಸ ಹಿಡಿದರು. ಕೊನೆಗೆ ಉಳಿದದ್ದು ಒಂದೇ ಜೋಡಿ, ದ್ಯಾವಯ್ಯ ಮತ್ತು ಅವರ ಹೆಂಡತಿ ಮಾಯಮ್ಮನ ತಮ್ಮ ಗುಂಡಯ್ಯ.

ಮೂರು ವರ್ಷದ ಹಿಂದೆ ಮಾಯಮ್ಮ ಜ್ವರದಲ್ಲಿ ತೀರಿಕೊಂಡರು.

"ಎಂಡ್ತಿ ಓದ್ಲು ಸಾ, ಅವಳ ಜೊತೇಗೆ ಅಗ್ಗಾನೂ ಓಯ್ತು. ಮಣ್ ಮಾಡಿ ಬಂದ್ ದಿನ ಗುಂಡ ಅಗ್ಗ ತಂದು ಜಗಲಿ ಮ್ಯಾಲೆ ಮಡಗ್ಬುಟ್ಟು ಒಂಟೋದ," ಎನ್ನುತ್ತಾರೆ ದ್ಯಾವಯ್ಯ. ಕಾಪಾಡಲು ಅಕ್ಕನ ಕುಂಕುಮವೇ ಇಲ್ಲದ ಮೇಲೆ ಹಗ್ಗ ಹಿಡಿಯುವ ಹಕ್ಕೂ ಇಲ್ಲ.

ಊರಿನವರು ಸುಮ್ಮನಿರುತ್ತಾರೆಯೇ? ಇನ್ನೊಂದು ಮದುವೆಯಾಗು, ಭಾವಮೈದ ತಾನಾಗಿ ಬರುತ್ತಾನೆ ಎಂದು ಚುಡಾಯಿಸುತ್ತಾರೆ. "ಅಗ್ಗಕ್ಕೋಸ್ಕರ ಎಣ್ ತಂದ್ನಾ ಅಂತ ಮಾಯಮ್ಮ ಮ್ಯಾಲಿಂದ್ಲೇ ನಕ್ಬುಟ್ಟಾಳು ಕಣೇಳಿ," ಎಂದು ಇವರೂ ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಗುಂಡಯ್ಯ ಈಗ ಹಿರೀಸಾವೆಯ ರಸ್ತೆಬದಿಯ ಹೋಟೆಲೊಂದಕ್ಕೆ ನೀರು ಸೇದಿ ಹಾಕುತ್ತಾರೆ. ಬಾವಿ ಹಗ್ಗ ಕೈಯಲ್ಲಿರುವಾಗಲೇ ಮಾತಾಡಿಸಿದೆ. ಭಾವನ ಹೆಸರೆತ್ತಿದ್ದೇ ತಡ, ಕೊಡವನ್ನು ಕಟ್ಟೆಯ ಮೇಲಿಟ್ಟರು.

"ನಂಗೇನ್ ಆಸೆ ಇಲ್ವಾ ಸಾ? ಮೂವತ್ತು ವರ್ಸ ಇಡ್ದಿರೋ ಕೈ ಇದು. ಆದ್ರೆ ಭಾವಂಗೇನಾರ ಎಚ್ಚುಕಮ್ಮಿ ಆದ್ರೆ, ಅಕ್ಕ ಇಲ್ವಲ್ಲ, ಅದ್ಕೇ ಕೈ ಬುಟ್ಟ ಅಂತಾರೆ ಜನ. ಆ ಮಾತ್ ಒತ್ಕೊಂಡು ನಾನೆಂಗ್ ಬದುಕ್ಲಿ?"

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಇಬ್ಬರಲ್ಲಿ ಯಾರದ್ದೂ ತಪ್ಪಿಲ್ಲ, ಇಬ್ಬರೂ ಒಬ್ಬರಿಗೊಬ್ಬರು ಬೇಕಾದವರೇ. ಆದರೂ ಮೂರು ಮೈಲಿ ನಡೆದು ಹೋಗಿ ಒಬ್ಬರ ಮುಖ ಒಬ್ಬರು ನೋಡಿ ಮೂರು ವರ್ಷವಾಗಿದೆ.

ಮರಳಿ ಬಂದಾಗ ದ್ಯಾವಯ್ಯ ಹಟ್ಟಿಯ ಮುಂದೆ ಹಗ್ಗವನ್ನು ಬಿಸಿಲಿಗೆ ಹರಡಿ ಕೂತಿದ್ದರು. ಇಳಿಯದಿದ್ದರೂ ವರ್ಷಕ್ಕೊಮ್ಮೆ ಎಳೆ ಬಿಡಿಸಿ ನೋಡುವುದನ್ನು ಬಿಟ್ಟಿಲ್ಲ. ನಿಮಗೇನು ಬೇಕು ಎಂದು ಕೇಳಿದೆ.

"ಜೇನು ಬ್ಯಾಡ ಸಾ. ಗುಂಡ ಒಂದ್ ದಪ ಮ್ಯಾಲೆ ಬಂದು ಕುಂತ್ಕೊಂಡ್ರೆ ಸಾಕು."

ಹೋದ ವರ್ಷ ಇವರು ಯಾರಿಗೂ ಹೇಳದೆ ನೆತ್ತಿಯ ಗೋಣಿಮರಕ್ಕೆ ಹಗ್ಗ ಕಟ್ಟಿ ಒಬ್ಬರೇ ಇಳಿದಿದ್ದರಂತೆ. ಹುಟ್ಟು ಕೈಗೆಟುಕುವ ಮೊದಲೇ, ಅರ್ಧದಿಂದ ಹತ್ತಿ ವಾಪಸು ಬಂದರು. ಹಗ್ಗ ಸಡಿಲವಾಯಿತೇ? ಇಲ್ಲ. ಮರ ಅಲುಗಿತೇ? ಅದೂ ಇಲ್ಲ. ಮತ್ತೆ ಯಾಕೆ ಎಂದೆ. ಹಗ್ಗದ ಎಳೆ ತಿರುವುತ್ತಲೇ ಹೇಳಿದರು.

"ಅರ್ಧಕ್ಕೆ ಇಳ್ದಾಗ ಅಗ್ಗಾವ ಒಂದ್ ಕಿತ ಜಗ್ತೀವಿ ಸಾ. ಮ್ಯಾಲಿರೋನು ತಿರ್ಗ ಒಂದ್ ಕಿತ ಜಗ್ತಾನೆ, ಇವ್ನಿ ಕಣ ಭಾವ ಅಂತ. ಅವತ್ತೂ ಜಗ್ದೆ, ಅಭ್ಯಾಸ ನೋಡಿ. ಮರ ಎಲ್ ಜಗ್ತದೆ ಸಾ?"