ಸೆರಗಿಗೆ ಸೆರಗು ಕಟ್ಟಿದವರು

ಕಣ್ಣು ಬಿಟ್ಟಾಗ ಮೂಗಿನ ಮೇಲೆ ನೊಣ ಕೂತಿತ್ತು. ಓಡಿಸಬೇಕೆಂದು ಬಲಗೈ ಎತ್ತಲು ಹೋದೆ. ಏಳಲಿಲ್ಲ.

ಬೈಲಹೊಂಗಲದ ದವಾಖಾನೆ ಅದು. ಕುಟುಂಬ ಯೋಜನೆಯ ಆಪರೇಷನ್ನಿನವರಿಂದ ವಾರ್ಡು ತುಂಬಿ, ನನ್ನ ಮಂಚ ವರಾಂಡದಲ್ಲಿತ್ತು. ಪಕ್ಕೆಲುಬು ಮುರಿದಿವೆ, ಭುಜದ ನರ್ವ್ ಜಗ್ಗಿದೆ ಎಂದರು ಡಾಕ್ಟರು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತಂತೆ. ಕನ್ನಡಿ ಕೊಡಬೇಡಿ ಎಂದು ನರ್ಸಿಗೆ ಹೇಳಿದ್ದರು.

"ಶಾಂತಾ ಎಲ್ಲಿ ಅದಾಳ್ರಿ?" ಎಂದು ಅತ್ತೆಯನ್ನು ಕೇಳಿದೆ. ಶಾಂತಾ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು.

ಅವಳು ಉಳಿದಿರಲಿಲ್ಲ.

ಗಂಡಸರು ಹೊಲದ ರಾಶಿ ಬಿಟ್ಟು ಬರುವಂತಿರಲಿಲ್ಲ. ಹುಣ್ಣಿಮೆಯ ಜಾತ್ರೆಗೆಂದು ನಮ್ಮೂರು ಕಟಕೋಳದಿಂದ ನಾವು ಮೂವರೇ ದೇವಿಯ ಗುಡ್ಡಕ್ಕೆ ಹೋಗಿದ್ದೆವು. ಗದ್ದಲದಲ್ಲಿ ತಪ್ಪಿಸಿಕೊಳ್ಳಬಾರದೆಂದು ನಮ್ಮ ಮನೆಯ ಹೆಂಗಸರು ಸೆರಗಿಗೆ ಸೆರಗು ಗಂಟು ಹಾಕಿಕೊಳ್ಳುವುದು ಮೊದಲಿನಿಂದ ಬಂದದ್ದು. ಅತ್ತೆ ನಮ್ಮಿಬ್ಬರಿಗೂ ಗಂಟು ಹಾಕಿದರು. ಬಿಗಿಯಾಯಿತೆಂದು ಶಾಂತಾ ನಕ್ಕಳು. ಅತ್ತೆ ಮಂಡಿನೋವೆಂದು ಕೆಳಗೇ ಉಳಿದರು. ಮೇಲೆ ಒಂದು ಗೇಟು ಮುಚ್ಚಿತ್ತು. ಮುಂದಿನವರು ನಿಂತರು, ಹಿಂದಿನವರಿಗೆ ಅದು ತಿಳಿಯಲಿಲ್ಲ, ದೇವಿಯ ಹೆಸರು ಕೂಗುತ್ತ ಬರುತ್ತಲೇ ಇದ್ದರು. ಮೊದಲು ಬೀಳುವುದಕ್ಕೂ ಜಾಗವಿರಲಿಲ್ಲ. ಆಮೇಲೆ ಎಲ್ಲರೂ ಒಬ್ಬರ ಮೇಲೊಬ್ಬರು ಕುಸಿದೆವು.

ಇನ್ನು ತಪ್ಪು ಯಾರದೆಂಬ ಮಾತು. ಪೊಲೀಸರು ಜನರದೆಂದರು, ಜನ ಪೊಲೀಸರದೆಂದರು. ಪಕ್ಕದ ಮಂಚದ ಅಜ್ಜಿ, ಯಾರೋ ಮೈಲಿಗೆಯಲ್ಲಿ ಗುಡ್ಡ ಹತ್ತಿರಬೇಕು ಎಂದಳು. ಹೇಳಿಕೆ ತೆಗೆದುಕೊಳ್ಳಲು ಒಬ್ಬ ಸಾಹೇಬರು ಬಂದರು.

"ಯಾರ ನೂಕಿದ್ರು?"

"ಹಿಂದಿನವರ್ರಿ."

"ಅವರನ್ನ?"

"ಅವರ ಹಿಂದಿನವರ್ರಿ."

ಸೆರಗಿನ ವಿಷಯ ಕೇಳಿದ ಮೇಲೆ ಅವರ ಮುಖ ಹಗುರವಾಯಿತು. "ಹಿಂಗ ಕಟಗೊಂಡ ಹ್ವಾದ್ರ ಮತ್ತೇನಾಗತೈತಿ?" ಎಂದರು. ನಾನು ಗೇಟು, ಗೇಟು ಎಂದೆ. ಅದನ್ನವರು ಬರೆದುಕೊಳ್ಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬಹಳ ಸಿಟ್ಟು ಬಂತು, ಆದರೆ ಪಕ್ಕೆಲುಬು ಮುರಿದವಳಿಗೆ ಗಟ್ಟಿಯಾಗಿ ಬೈಯಲೂ ಆಗುವುದಿಲ್ಲ.

ಅತ್ತೆ ಅದನ್ನು ಕೇಳಿಸಿಕೊಂಡರು. ಅಂದಿನಿಂದ ಊಟ ಬಿಟ್ಟರು. ನನಗೆ ಗಂಜಿ ಕುಡಿಸಿ, ತಾವು ಮಂಚದ ಕೆಳಗೆ ಗೋಡೆಗೆ ಮುಖ ಮಾಡಿ ಮಲಗುವರು. ಕರೆದರೆ ಓಗೊಡರು. ಇವರನ್ನೂ ಕಳೆದುಕೊಳ್ಳುತ್ತೇನೆಂದು ಹೆದರಿದೆ.

ಮಗಳ ದಿನಕರ್ಮ ಮುಗಿಸಿಕೊಂಡು ಶಾಂತಳ ತಾಯಿ ಗಂಗವ್ವ ಬಂದರು. ಕೂರಲಿಲ್ಲ.

"ಗಂಟ ಯಾರ ಹಾಕಿದ್ರು?"

ಅತ್ತೆ ಎದ್ದು ಕೂತು, "ನಾನ" ಎಂದರು.

ನನ್ನನ್ನು ಹೊತ್ತು ತಂದವರು ಹೇಳಿದ್ದನ್ನು ನಾನು ಗಂಗವ್ವನಿಗೆ ಹೇಳಿದೆ. "ಯವ್ವಾ, ಶಾಂತಾನ್ನ ಎತ್ತೂಮುಂದ ಸೆರಗ ಜಗ್ಗಿತಂತ. ಯಾಕಂತ ನೋಡಿದ್ರ ಹೆಣದ ಬುಡಕ ನಾ ಸಿಕ್ಕೆ. ಆ ಗಂಟ ಇರಲಿಲ್ಲಂದ್ರ ನನ್ನ ಯಾರೂ ನೋಡತಿದ್ದಿಲ್ಲ."

ಗಂಗವ್ವ ಏಳದ ನನ್ನ ಬಲಗೈಯನ್ನು ನೋಡಿದರು.

"ನನ್ನ ಮಗಳಿಗ್ಯಾಕ ಆಗಲಿಲ್ಲ ಅದು?"

 

ಅವರು ನೆಲಕ್ಕೆ ಕೂತು ಬುತ್ತಿ ಬಿಚ್ಚಿದರು. ರೊಟ್ಟಿ ಮುರಿದು ಅತ್ತೆಯ ಮುಂದೆ ಹಿಡಿದರು. "ಉಣ್ಣರಿ ಬೀಗತಿ. ತಪ್ಪ ತಲಿಮ್ಯಾಲ ಹೊತ್ತ ನೀವ್ ಸತ್ರ ಗೇಟ ಮುಚ್ಚಿದಾವ ಪಾರಾಗತಾನ."

ಅತ್ತೆ ತಿಂದರು. ಅಳುತ್ತ, ನಿಧಾನವಾಗಿ, ಒಂದು ರೊಟ್ಟಿ ತಿಂದರು.

ಗೇಟು ಮುಚ್ಚಿದವರು ಯಾರೆಂದು ಇವತ್ತಿನವರೆಗೂ ಯಾರೂ ಹೇಳಿಲ್ಲ. ಮನೆಗೆ ಬಂದಿದ್ದೇನೆ. ಉಸಿರು ಸಲೀಸಾಗಿದೆ, ಅದೇ ದೊಡ್ಡದು. ಕೈ ಎದೆಯ ಮಟ್ಟಕ್ಕೆ ಬರುತ್ತದೆ, ಇಷ್ಟೇ ಇರಬಹುದು ಎಂದಿದ್ದಾರೆ ಡಾಕ್ಟರು. ಸಂತೆಗೆ ಬಂದಾಗಲೆಲ್ಲ ಗಂಗವ್ವ ನಮ್ಮಲ್ಲಿಗೆ ಬಂದು ಆ ಕೈಗೆ ಎಣ್ಣೆ ತಿಕ್ಕುತ್ತಾರೆ. ತಿಕ್ಕುತ್ತ ಒಮ್ಮೊಮ್ಮೆ ನನ್ನನ್ನು ಶಾಂತಾ ಎಂದು ಕರೆಯುತ್ತಾರೆ.

ನಾನು ಹೂಂ ಎನ್ನುತ್ತೇನೆ.