ಸೀಬೆ ನಿಂತ ಶನಿವಾರ

ಹನೀಫ್ ಕುದುರೆಯ ಮೈ ಉಜ್ಜುವಾಗ ಬಾಯಲ್ಲಿ ಒಂದು ಸದ್ದು ಮಾಡುತ್ತಾನೆ. ಹಲ್ಲು ಕಚ್ಚಿ, ಸಂದಿಯಿಂದ ಗಾಳಿ ಬಿಡುತ್ತಾ, ಬ್ರಷ್ಷಿನ ಒಂದೊಂದು ಎಳೆತಕ್ಕೂ ಒಂದೊಂದು ಸಲ: ಸ್ಸು... ಸ್ಸು... ಸ್ಸು. ಹದಿನಾರು ವರ್ಷದ ಕೆಳಗೆ ನ್ಯೂಜಿಲೆಂಡಿಗೆ ಬಂದು ನೊಲೀನಳ ಕುದುರೆಲಾಯದಲ್ಲಿ ಕೆಲಸಕ್ಕೆ ನಿಂತ ಮೊದಲ ದಿನವೇ ಆ ಹೆಂಗಸು ಓಡಿ ಬಂದು ತನ್ನ ಯೂಟ್ ಗಾಡಿಯ ನಾಲ್ಕೂ ಚಕ್ರಗಳನ್ನು ಬಗ್ಗಿ ಬಗ್ಗಿ ನೋಡಿದ್ದಳು. ಎಲ್ಲೋ ಪಂಕ್ಚರ್ ಆಗಿದೆ ಅಂದುಕೊಂಡಿದ್ದಳಂತೆ.

ಮನೆಯಲ್ಲೂ ಈ ಸದ್ದಿಗೆ ಮರ್ಯಾದೆಯಿಲ್ಲ. ಪಾತ್ರೆ ತೊಳೆಯುವಾಗ, ಕಾರು ಒರೆಸುವಾಗ ಅದು ತಾನಾಗಿಯೇ ಹೊರಡುತ್ತದೆ. "ಕುಕ್ಕರ್ ಇಟ್ಟು ಮರ್ತೆ ಅಂದ್ಕೊಂಡು ಅಡುಗೆಮನೆಗೆ ಓಡ್ತೀನಲ್ರೀ, ಒಂದ್ ಗಳಿಗೆ ಸುಮ್ನಿರಿ!" ಎಂದು ಹೆಂಡತಿ ಬಿಲ್ಕಿಸ್ ರೇಗುತ್ತಾಳೆ. ಮಗಳು ಆಯೇಶಾ ಇಲ್ಲೇ ಬೆಳೆದವಳು. ಅವಳಿಗೆ ಕನ್ನಡ, ಉರ್ದು ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬಾಟನಿ ಡೌನ್ಸ್ ಮಾಲ್‌ನಲ್ಲಿ ಟ್ರಾಲಿಯ ಹಿಡಿಕೆ ಒರೆಸುತ್ತಾ ಹನೀಫ್ ಶುರುಮಾಡಿದನೋ, "ಅಬ್ಬಾ, ಪ್ಲೀಸ್, ನಾಟ್ ಹಿಯರ್" ಎಂದು ಈ ಮನುಷ್ಯ ಯಾರೋ ಗೊತ್ತಿಲ್ಲವೆಂಬಂತೆ ಮೂರು ಮಾರು ದೂರ ಸರಿದು ನಡೆಯುತ್ತಾಳೆ.

ಅವರಿಗೇನು ಗೊತ್ತು ಪಾಪ! ಹನೀಫ್ ಹುಟ್ಟಿದ್ದೇ ಕುಣಿಗಲ್ಲಿನ ಕುದುರೆ ಫಾರಂನ ಪಕ್ಕದ ಸಾಲುಮನೆಯಲ್ಲಿ. ಅಪ್ಪ ದಸ್ತಗೀರ್ ಅಲ್ಲಿ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವನು, ಅಜ್ಜನೂ ಅದೇ. ಮನೆಮಾತು ಉರ್ದು, ಲಾಯದ ಮಾತು ಕನ್ನಡ. ಹೀಗಾಗಿ ಹನೀಫನಿಗೆ ಇವತ್ತಿಗೂ ಕುದುರೆಯ ಮುಂದೆ ನಿಂತರೆ ಬಾಯಲ್ಲಿ ಬರುವುದು ಕನ್ನಡವೇ. ಅಪ್ಪ ಆ ಸದ್ದು ಕಲಿಸಿದ್ದು ಇವನಿಗೆ ಎಂಟು ವರ್ಷವಾಗಿದ್ದಾಗ. ಮರಿಕುದುರೆಯ ಒಂದು ಕಾಲೆತ್ತಿ ತೊಡೆಯ ಮೇಲಿಟ್ಟುಕೊಂಡು, ಬಿಡದೆ ಸ್ಸು ಸ್ಸು ಎನ್ನುತ್ತಾ, ಅದು ಕೊಸರಾಡುವುದನ್ನು ನಿಲ್ಲಿಸುವ ತನಕ ಹಿಡಿದೇ ಇರುತ್ತಿದ್ದ.

"ಜನ ಅಂತಾರೆ, ಧೂಳು ಬಾಯಿಗೆ ಹೋಗ್ದೇ ಇರ್ಲಿ ಅಂತ ಹಿಂಗ್ ಮಾಡ್ತಾರೆ ಅಂತ. ಅದಲ್ಲ ಮಗಾ," ಎಂದಿದ್ದ ಅಪ್ಪ. "ನಾನಿಲ್ಲೇ ಇವ್ನಿ, ನೀನು ನಿಂತ್ಕೊ ಅಂತ ಹೇಳಾದು. ಕಾಲು ಸಿಕ್ಕಾಕ್ಕೊಂಡಾಗ ಕುದುರೆಗೆ ಓಡೋದೊಂದೇ ಗೊತ್ತಿರಾದು. ನಿಲ್ಲಾದನ್ನ ನಾವು ಕಲಿಸ್ಬೇಕು."

ದಸ್ತಗೀರ್ ತೀರಿಕೊಂಡು ಹನ್ನೊಂದು ವರ್ಷವಾಯಿತು. ಮಗನಿಗೆ ಬಿಟ್ಟುಹೋದ ಆಸ್ತಿಯೆಂದರೆ ಈ ಸದ್ದೊಂದೇ.

ನೊಲೀನಳ ಫಾರಂ ಇರುವುದು ಪಾಪಕುರಾದಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ, ಹುನುವಾ ಗುಡ್ಡಗಳ ಮಗ್ಗುಲಲ್ಲಿ. ಆಕೆಗೆ ಈಗ ಎಪ್ಪತ್ತೊಂದು. ಗಂಡ ತೀರಿಕೊಂಡ ಮೇಲೆ ಕುದುರೆ, ಕುರಿ, ಬೇಲಿ, ಲೆಕ್ಕಪತ್ರ ಎಲ್ಲವೂ ಒಬ್ಬಳದೇ. ನಗು ಕಡಿಮೆ, ಮಾತು ಇನ್ನೂ ಕಡಿಮೆ. ಆದರೂ ಹನೀಫ್ ಬಂದ ಮೊದಲ ಚಳಿಗಾಲದಲ್ಲಿ ಅವನ ತೆಳು ಸ್ವೆಟರ್ ನೋಡಿ, ಏನೂ ಹೇಳದೆ, ಒಂದು ದಪ್ಪ ಉಣ್ಣೆ ಕೋಟನ್ನು ಲಾಯದ ಮೊಳೆಗೆ ತಗುಲಿಹಾಕಿ ಹೋಗಿದ್ದಳು. "ಮೇಡಮ್" ಎಂದು ಕರೆದಾಗೆಲ್ಲ, "ಇಲ್ಲಿ ಮೇಡಮ್ ಯಾರೂ ಇಲ್ಲ, ನೊಲೀನ್ ಇದ್ದಾಳೆ" ಎನ್ನುತ್ತಿದ್ದಳು. ಹೆಸರು ಹಿಡಿದು ಕರೆಯಲು ಹನೀಫನಿಗೆ ಎರಡು ವರ್ಷ ಹಿಡಿಯಿತು. ಊರು ಬಿಟ್ಟು ಬಂದವನನ್ನು ಮೊದಲ ದಿನವೇ ನಂಬಿ ಲಾಯದ ಬೀಗದಕೈ ಕೊಟ್ಟವಳು. ಆ ಋಣ ಅವನ ಎದೆಯಲ್ಲಿ ಹಾಗೇ ಕೂತಿದೆ.

ಇನ್ನು ಆ ಲಾಯದ ಒಂದು ಹೆಣ್ಣು ಕುದುರೆಯ ಕಥೆ. ಮರಿಯಾಗಿದ್ದಾಗ ಬೇಲಿ ಪಕ್ಕದ ಮರದಡಿ ಉದುರಿದ ಫೀಜೋವಾ ಹಣ್ಣುಗಳನ್ನು ಮುಕ್ಕುತ್ತಿತ್ತೆಂದು ನೊಲೀನ್ ಅದಕ್ಕೆ ಫೀಜೋವಾ ಎಂದೇ ಹೆಸರಿಟ್ಟಳು. ಬಿಲ್ಕಿಸ್ ಆ ಹಸಿರು ಹಣ್ಣನ್ನು ಮೊದಲ ಸಲ ಮೂಸಿ ನೋಡಿ, "ನಮ್ ಸೀಬೆಕಾಯಿಗೆ ದಾಯಾದಿ ಕಣ್ರೀ ಇದು" ಎಂದಿದ್ದಳು. ಅಲ್ಲಿಗೆ ಹನೀಫನ ಬಾಯಲ್ಲಿ ಕುದುರೆ ಸೀಬೆಯಾಯಿತು.

ಸೀಬೆಗೆ ಈಗ ಐದು ವರ್ಷ. ನೋಡಲು ಕಣ್ಣು ತುಂಬುತ್ತಾಳೆ, ನಡತೆ ಮಾತ್ರ ದೇವರಿಗೇ ಪ್ರೀತಿ. ಎರಡು ಸಲ ಮಾರಾಟವಾಗಿ, ಎರಡು ಸಲವೂ ಸವಾರರನ್ನು ನೆಲಕ್ಕೆ ಕೆಡವಿ ವಾಪಸು ಬಂದವಳು. ನಾಯಿ ಕಂಡರಂತೂ ನಾಲ್ಕು ಕಾಲಲ್ಲೂ ನಡುಕ. ಹನೀಫ್ ಮೂರು ಚಳಿಗಾಲ ಅವಳ ಒಂದೊಂದೇ ಕಾಲನ್ನು ಹಿಡಿದು ಸ್ಸು ಸ್ಸು ಎಂದು ಕೂತಿದ್ದೇ ಬಂತು. "ಹಾರೋದನ್ನ ಕಲಿಸು ಅಂದ್ರೆ ಇವನು ಕಾಲು ಒತ್ತಿಕೊಂಡು ಕೂತಿದ್ದಾನೆ" ಎಂದು ನೊಲೀನ್ ಗೊಣಗುತ್ತಿದ್ದಳು.

ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಲಾಯದ ಕರಿಹಲಗೆಯ ಮೇಲೆ ವಾರದ ಕೆಲಸಗಳ ಪಟ್ಟಿಯಲ್ಲಿ ಎರಡು ಹೊಸ ಸಾಲುಗಳಿದ್ದವು. ಶನಿವಾರ: ಫೀಜೋವಾ, ಬೇಟೆಗೆ. ಅದರ ಕೆಳಗೆ, ಮುಂದಿನ ಸೋಮವಾರ: ಕೆನಲ್‌ಗೆ ಫೋನ್.

ಹನೀಫ್ ಆ ಸಾಲನ್ನು ಎರಡು ಸಲ ಓದಿದ. ಕೆನಲ್ ಎಂದರೆ ಬೇಟೆಯ ಕೂಟದವರು ನಾಯಿಗಳನ್ನು ಸಾಕುವ ಜಾಗ. ಯಾರಿಗೂ ಬೇಡವಾದ ಕುದುರೆ ಅಲ್ಲಿಗೆ ಹೋದರೆ ಒಂದೇ ಗುಂಡಿಗೆ ಮುಗಿಯುತ್ತದೆ, ಆಮೇಲೆ ನಾಯಿಗಳ ಪಾಲು.

"ಬೇಲಿ ಹಾರಿದರೆ ಇರುತ್ತಾಳೆ," ಎಂದಳು ನೊಲೀನ್, ಅವನ ಮುಖ ನೋಡದೆ. "ಮೂರನೇ ಸಲ ಮಾರಿ, ಯಾರದೋ ಮಗುವಿನ ಕತ್ತು ಮುರಿಯೋದು ನನಗೆ ಬೇಡ ಹನೀಫ್. ಸುಮ್ಮನೆ ಮೇಯಿಸೋ ಹುಲ್ಲೂ ನನ್ನ ಹತ್ತಿರ ಇಲ್ಲ."

ಮಾತು ಕೆಟ್ಟದ್ದಲ್ಲ, ನ್ಯಾಯದ್ದೇ. ಅದೇ ಕಷ್ಟ. ತಾನೇ ಕೊಂಡುಕೊಳ್ಳೋಣವೆಂದರೆ ಎಲ್ಲಿ ಕಟ್ಟಲಿ, ಪಾಪಕುರಾದ ಬಾಡಿಗೆಮನೆಯ ಬಟ್ಟೆ ಒಣಹಾಕುವ ಕಂಬಕ್ಕೆ?

ಸೀಬೆಯನ್ನೇರಿ ಬೇಟೆಗೆ ಹೋಗಬೇಕಾದವನು ಹನೀಫನೇ, ಅದಕ್ಕೊಂದು ಕರಿ ಕೋಟು ಬೇಕಿತ್ತು. ನೊಲೀನಳ ಗಂಡನ ಹಳೆಯದೊಂದು ಸಿಕ್ಕಿತು. ಅದರೊಳಗೆ ಇಬ್ಬರು ಹನೀಫರು ಹಿಡಿಸುತ್ತಿದ್ದರು. ಬಿಲ್ಕಿಸ್ ಎರಡು ಸಂಜೆ ಕೂತು ಅದನ್ನು ಬಿಚ್ಚಿ, ಕತ್ತರಿಸಿ, ಹೊಲಿದು ಮೈಗೆ ಕೂರಿಸಿದಳು. ಶನಿವಾರ ಬೆಳಿಗ್ಗೆ ಗುಂಡಿ ಹಾಕುತ್ತಾ, "ಐವತ್ನಾಲ್ಕು ವರ್ಷಕ್ಕೆ ಮದುಮಗ ಆದ್ರಿ," ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಅವನ ಎದೆಯ ಮೇಲೆ ಕೈಯಿಟ್ಟು, ದುವಾ ಓದಿ ಊದಿದಳು. "ಕುದುರೆ ಹೋದ್ರೆ ಹೋಗ್ಲಿ. ನೀವು ಮನೆಗೆ ಬನ್ರೀ."

"ಅವಳೂ ಬರ್ತಾಳೆ ಕಣೇ," ಎಂದ ಹನೀಫ್.

ಇಂಗ್ಲೆಂಡಿನವರ ಹಾಗೆ ನರಿಯ ಬೇಟೆಯಾಡಲು ಈ ದೇಶದಲ್ಲಿ ನರಿಗಳಿಲ್ಲ, ಬೇಟೆಯೆಂದರೆ ಕಾಡುಮೊಲದ್ದು. ಮುಂದೆ ಮೊಲ, ಅದರ ವಾಸನೆ ಹಿಡಿದು ನಲವತ್ತು ನಾಯಿಗಳು, ನಾಯಿಗಳ ಹಿಂದೆ ಬೇಲಿಗಳನ್ನು ಹಾರುತ್ತಾ ಸವಾರರು. ಮೊಲ ತಪ್ಪಿಸಿಕೊಳ್ಳಲಿ ಎಂದು ಒಳಗೊಳಗೇ ಬೇಡಿಕೊಂಡು ಬಂದಿದ್ದ ಬೇಟೆಗಾರ ಆ ದಿನ ಬಹುಶಃ ಹನೀಫ್ ಒಬ್ಬನೇ. ಹೊಸ ಕುದುರೆ, ದೂರವಿರಿ ಎಂದು ಸೂಚಿಸಲು ಸೀಬೆಯ ಬಾಲಕ್ಕೆ ಹಸಿರು ರಿಬ್ಬನ್ ಕಟ್ಟಿದರು. ನಾಯಿಗಳನ್ನು ಗಾಡಿಯಿಂದ ಇಳಿಸಿದ್ದೇ ತಡ, ಅವಳು ಕಣ್ಣಿನ ಬಿಳಿ ತೋರಿಸಿ ಹಿಂದೆ ಹಿಂದೆ ಸರಿದಳು. ಒಂದು ನಾಯಿ ಬಂದು ಹನೀಫನ ಕೈಯನ್ನು ಲೊಚಲೊಚನೆ ನೆಕ್ಕಿತು. ನಮಾಜಿಗೆ ಮುಂಚೆ ಸರಿಯಾಗಿ ತೊಳೆದುಕೊಳ್ಳಬೇಕಲ್ಲಪ್ಪ ಎಂದುಕೊಂಡ.

ಮೊದಲ ಬೇಲಿ ಮೂರೂವರೆ ಅಡಿಯದು. ತಂತಿಬೇಲಿಯ ಮೇಲೆ ಒಂದು ಮರದ ಅಡ್ಡಪಟ್ಟಿ. ನೊಲೀನ್ ತನ್ನ ಮುದಿ ಬಿಳಿ ಕುದುರೆಯ ಮೇಲೆ ಮುಂದೆ ಹಾರಿ ದಾರಿ ತೋರಿಸಿದಳು. ಹಿಂದೆ ಓಡಿಬಂದ ಸೀಬೆ ಬೇಲಿಯೆದುರು ಗಕ್ಕನೆ ನಿಂತಳು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಹನೀಫ್ ಅವಳ ಕುತ್ತಿಗೆ ತಬ್ಬಿಕೊಂಡು ಉಳಿದದ್ದು ಅವನ ಪುಣ್ಯ. "ಅಯ್ಯೋ ನನ್ ತಾಯಿ, ಸೋಮವಾರ ಏನ್ ಬರ್ದವ್ರೆ ಅಂತ ಗೊತ್ತೇನೇ ನಿಂಗೆ?" ಎಂದು ಕಿವಿಯಲ್ಲಿ ಕೇಳಿದ. ಗೊತ್ತಿದ್ದರೆ ತಾನೆ. ಕೊನೆಗೆ ಯಾರೋ ಪುಣ್ಯಾತ್ಮರು ಗೇಟು ತೆಗೆದರು. ಇಬ್ಬರೂ ತಲೆ ತಗ್ಗಿಸಿ ಅದರೊಳಗಿಂದ ಹೋದರು. ಆ ಬೇಲಿ ಮಾತ್ರವಲ್ಲ, ಮಧ್ಯಾಹ್ನದವರೆಗೆ ಸಿಕ್ಕಿದ ಒಂಬತ್ತು ಬೇಲಿಗಳಿಗೂ ಗೇಟೇ ಗತಿಯಾಯಿತು. ನೊಲೀನ್ ಹಿಂದಿರುಗಿ ನೋಡುವುದನ್ನೇ ಬಿಟ್ಟಳು.

ಎರಡು ಗಂಟೆಯ ಹೊತ್ತಿಗೆ ಮೊಲ ಒಂದು ಕೊರಕಲಿಗಿಳಿಯಿತು. ಎಲ್ಲರೂ ಕೊರಕಲು ದಾಟಿ ಆಚೆ ಗುಡ್ಡ ಹತ್ತಿದರು. ಕೊನೆಯಲ್ಲಿ ಇಳಿಯುತ್ತಿದ್ದ ಹನೀಫನಿಗೆ, ಮೊಣಕಾಲುದ್ದ ಬೆಳೆದ ಹುಲ್ಲಿನಡಿ ಬಿದ್ದುಹೋದ ಹಳೆಯ ತಂತಿಬೇಲಿ ಇರುವುದು ಕಾಣಲಿಲ್ಲ. ಸೀಬೆ ಮುಗ್ಗರಿಸಿದಳು. ಇವನು ಅವಳ ಭುಜದ ಮೇಲಿಂದ ಉರುಳಿ ಮುಖ ಅಡಿಯಾಗಿ ಬಿದ್ದ. ಕಲ್ಲಿಗೆ ತಗುಲಿ ತುಟಿ ಸೀಳಿತು. ಏಳಲು ಹೋದರೆ ಆಗಲಿಲ್ಲ. ಎಡಗಾಲು ಜೀನಿನ ರಿಕಾಬಿನೊಳಗೆ, ಪಾದವಿಡುವ ಬಳೆಯೊಳಗೆ, ಸಿಕ್ಕಿಹಾಕಿಕೊಂಡಿತ್ತು. ಕತ್ತು ತಿರುಗಿಸಿ ನೋಡಿದ. ಸೀಬೆಯ ಹಿಂಗಾಲುಗಳೆರಡಕ್ಕೂ ತಂತಿ ಸುತ್ತಿಕೊಂಡಿತ್ತು.

ಅವಳು ಈಗ ಕಿತ್ತುಕೊಂಡು ಓಡಿದರೆ ತಂತಿ ಮೂಳೆಯವರೆಗೆ ಕೊಯ್ಯುತ್ತದೆ. ಅವಳು ಓಡಿದಷ್ಟು ದೂರವೂ ಇವನು ಕಲ್ಲುಗಳ ಮೇಲೆ ಎಳೆಸಿಕೊಂಡು ಹೋಗುವ ಹೆಣ. ಅವಳ ಮೈ ಬಿಗಿಯುವುದು, ಹಿಂಭಾಗ ಕುಗ್ಗುವುದು ಕಾಣುತ್ತಿತ್ತು. ಕೂಗಬಾರದು. ಕೈ ಬೀಸಬಾರದು. ಹನೀಫ್ ರಕ್ತವನ್ನು ಉಗಿದು, ಹಲ್ಲು ಕಚ್ಚಿದ.

ಸ್ಸು... ಸ್ಸು... ಸ್ಸು.

ಸೀಬೆಯ ಒಂದು ಕಿವಿ ಇತ್ತ ತಿರುಗಿತು. ಅವಳು ನಡುಗಿದಳು, ಆದರೆ ಓಡಲಿಲ್ಲ. ತಂತಿ ಬಿಗಿದಿದ್ದ ಹಿಂಗಾಲುಗಳಲ್ಲಿ ಒಂದನ್ನು, ಅವನು ಮೂರು ಚಳಿಗಾಲ ಹಿಡಿದು ಕೂತಿದ್ದ ಅದೇ ಕಾಲನ್ನು, ಅರ್ಧ ಎತ್ತಿ ಹಾಗೇ ಹಿಡಿದು ನಿಂತಳು.

ಆಗ ನೋಡಿ, ಗ್ರಹಚಾರ! ವಾಸನೆ ತಪ್ಪಿದ ನಾಯಿಗಳೆಲ್ಲ ಊಳಿಡುತ್ತಾ ಕೊರಕಲಿಗೆ ವಾಪಸು ನುಗ್ಗಿದವು. ಅವಳ ಕಾಲುಗಳ ನಡುವೆ, ಹೊಟ್ಟೆಯಡಿ, ಹನೀಫನ ಬೆನ್ನ ಮೇಲೆ ನಾಯಿಯೋ ನಾಯಿ. ಅವಳ ಹೊಟ್ಟೆಯಿಂದ ಬೆವರು ಇವನ ಕೆನ್ನೆಗೆ ತೊಟ್ಟಿಕ್ಕುತ್ತಿತ್ತು. ಇವನು ಸದ್ದು ನಿಲ್ಲಿಸಲಿಲ್ಲ, ಅವಳು ನಿಂತ ಜಾಗ ಬಿಡಲಿಲ್ಲ. ನಾಯಿಗಳು ಹೋದವು. ಮೊಲವೂ ಎತ್ತಲೋ ಹೋಯಿತು, ಅದಕ್ಕೂ ಒಳ್ಳೆಯದಾಗಲಿ. ತುಟಿ ಉರಿಯುತ್ತಿತ್ತು. ಅಬ್ಬಾ, ನೀನು ಕಲಿಸಿದ್ದು ಇದಕ್ಕೇನಾ, ಎಂದು ಹನೀಫ್ ಮನಸ್ಸಿನಲ್ಲೇ ಅಪ್ಪನನ್ನು ಕೇಳಿದ. ಕಣ್ಣಲ್ಲಿ ನೀರು ಬಂತು.

ಹುಲ್ಲಿನಲ್ಲಿ ಬೂಟಿನ ಸದ್ದಾಯಿತು. ನೊಲೀನ್. ಕುದುರೆಯನ್ನು ಮೇಲೆ ಬಿಟ್ಟು, ಕಡಿದಾದ ದಂಡೆಯನ್ನು ಕೂತುಕೊಂಡೇ ಜಾರಿ ಇಳಿದಿದ್ದಳು, ಮೈಯೆಲ್ಲ ಕೆಸರು. ಕೋಟಿನ ಜೇಬಿನಿಂದ ಕಟಿಂಗ್ ಪ್ಲೇಯರ್ ತೆಗೆದಳು. ಮೊದಲು ಅವನ ಕಾಲು ಬಿಡಿಸಿದಳು. ಆಮೇಲೆ ಎಪ್ಪತ್ತೊಂದು ವರ್ಷದ ಮುದುಕಿ ಸೀಬೆಯ ಹಿಂಗಾಲುಗಳ ಹತ್ತಿರ ಮಂಡಿಯೂರಿ, ಟಕ್, ಟಕ್ ಎಂದು ಆರು ಕಡೆ ತಂತಿ ಕತ್ತರಿಸಿದಳು. ಅಷ್ಟು ಹೊತ್ತೂ ಹನೀಫ್ ಸದ್ದು ಮಾಡುತ್ತಲೇ ಇದ್ದ. ತಂತಿ ಕಳಚಿತು. ಚರ್ಮ ತರಚಿತ್ತು, ಅಷ್ಟೇ.

"ಇಪ್ಪತ್ತು ನಿಮಿಷ," ಎಂದಳು ನೊಲೀನ್. "ಆಚೆ ಗುಡ್ಡದಿಂದ ನೋಡಿದೆ. ಬರೋಕೆ ಇಪ್ಪತ್ತು ನಿಮಿಷ ಆಯ್ತು."

ಕುದುರೆಗಳನ್ನು ಗಾಡಿಗೆ ಹತ್ತಿಸಿ ಇಬ್ಬರೂ ಫಾರಂ ಕಡೆ ಹೊರಟರು. ಹನೀಫ್ ದಾರಿಯುದ್ದಕ್ಕೂ ಕರಿಹಲಗೆಯ ಆ ಸಾಲನ್ನೇ ನೆನೆಯುತ್ತಿದ್ದ. ಬೇಲಿ ಹಾರಿದರೆ ತಾನೆ ಇರುತ್ತಾಳೆ ಅಂದದ್ದು? ಇಡೀ ದಿನ ಅವಳು ಒಂದೇ ಒಂದು ಬೇಲಿಯನ್ನೂ ಹಾರಿರಲಿಲ್ಲ. ಕೇಳಬೇಕೆಂದರೆ ತುಟಿ ಬೋಂಡದಷ್ಟು ದಪ್ಪ ಊದಿಕೊಂಡಿತ್ತು.

ಲಾಯಕ್ಕೆ ಬಂದ ಕೂಡಲೇ ನೊಲೀನ್ ನೆಟ್ಟಗೆ ಕರಿಹಲಗೆಯ ಮುಂದೆ ಹೋಗಿ ನಿಂತಳು. ಕೆಸರಾದ ತೋಳಿನಿಂದ ಕೊನೆಯ ಸಾಲನ್ನು ತಿಕ್ಕಿ ಒರೆಸಿದಳು. ಸೀಮೆಸುಣ್ಣ ತೆಗೆದುಕೊಂಡು ಅದೇ ಜಾಗದಲ್ಲಿ ಬರೆದಳು. ಸೋಮವಾರ: ಫೀಜೋವಾಗೆ ರಜೆ. ಹನೀಫನಿಗೂ.

"ಹಾರೋ ಕುದುರೆಗಳನ್ನ ಬೇಕಾದಷ್ಟು ನೋಡಿದ್ದೀನಿ," ಎಂದಳು, ಬೆನ್ನು ತಿರುಗಿಸಿಕೊಂಡೇ. "ತಂತಿಯಲ್ಲಿ ಸಿಕ್ಕಿಕೊಂಡು, ನಾಯಿಗಳ ಮಧ್ಯೆ, ಹೀಗೆ ನಿಲ್ಲೋ ಕುದುರೆಯನ್ನ ಇವತ್ತೇ ಮೊದಲು ನೋಡಿದ್ದು. ಅವಳು ಎಲ್ಲಿಗೂ ಹೋಗಲ್ಲ."

ಹನೀಫ್ ಕರಿ ಕೋಟು ಬಿಚ್ಚಿ ಮೊಳೆಗೆ ತಗುಲಿಹಾಕಿದ. ಸರಿ, ಕೆಲಸ ಗೊತ್ತಿದೆಯಲ್ಲ. ಬಿಸಿನೀರು, ಬಟ್ಟೆ ತೆಗೆದುಕೊಂಡು ಸೀಬೆಯ ಗಾಯ ತೊಳೆಯಲು ಕೂತ. ಕಾಲೆತ್ತಿ ತೊಡೆಯ ಮೇಲಿಟ್ಟುಕೊಂಡ. ಹಲ್ಲು ಕಚ್ಚಿದ. ಸದ್ದು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ಊದಿದ ತುಟಿಯಿಂದ ಪುಸ್ಸೆಂದು ಎಂಜಲು ಹಾರಿತಷ್ಟೇ. ಸೀಬೆ ಕಾಲು ಕಿತ್ತುಕೊಂಡಳು. ಕತ್ತು ತಿರುಗಿಸಿ, ಸದ್ದು ಎಲ್ಲಿ ಹೋಯಿತೆಂದು ಹುಡುಕುವವಳಂತೆ, ಅವನ ಮುಖವನ್ನೇ ನೋಡಿದಳು. ಕೊಸರಾಡಲು ಶುರುಮಾಡಿದಳು.

ಆಗ ಕುದುರೆಯ ಆ ಮಗ್ಗುಲಿನಿಂದ ಬಂತು: ಸ್ಸು... ಸ್ಸು... ಸ್ಸು.

ನೊಲೀನ್. ಸೀಬೆಯ ಭುಜದ ಮೇಲೆ ಕೈಯಿಟ್ಟು, ಕಟ್ಟಿಸಿಕೊಂಡ ಹಲ್ಲುಗಳನ್ನು ಕಚ್ಚಿ, ಗಾಳಿ ಬಿಡುತ್ತಿದ್ದಳು. ಒಂದಿಷ್ಟೂ ತಾಳ ತಪ್ಪಿರಲಿಲ್ಲ. ಹದಿನಾರು ವರ್ಷ ಪಂಕ್ಚರ್ ಎಂದು ಛೇಡಿಸುತ್ತಾ, ದೂರದಲ್ಲಿ ತನ್ನ ಪಾಡಿಗೆ ಬಕೆಟ್ಟು ತೊಳೆಯುತ್ತಾ, ಈ ಹೆಂಗಸು ಪೂರ್ತಿ ಕೇಳಿಸಿಕೊಂಡಿದ್ದಳು. ಕುಣಿಗಲ್ಲಿನ ದಸ್ತಗೀರ್ ಸೈಸನ ಸದ್ದು ಹುನುವಾದ ಲಾಯದಲ್ಲಿ ಇನ್ನೊಬ್ಬರ ಬಾಯಿಂದ ಬರುತ್ತಿತ್ತು. ಸೀಬೆ ತಲೆ ತಗ್ಗಿಸಿ ನಿಂತಳು.

ಹನೀಫ್ ಅತ್ತ. ಮರೆಮಾಚಲು ಹೋಗಲಿಲ್ಲ. "ಥ್ಯಾಂಕ್ಸ್ ನೊಲೀನ್" ಎನ್ನಲು ಹೊರಟದ್ದು ಊದಿದ ತುಟಿಯಲ್ಲಿ ಏನೇನೋ ಆಯಿತು.

"ಮಾತಾಡಬೇಡ, ಮತ್ತೆ ರಕ್ತ ಬರುತ್ತೆ," ಎಂದಳು ನೊಲೀನ್. "ಕಾಲು ಎತ್ತು."

ಅವನು ಕಾಲೆತ್ತಿ ತೊಡೆಯ ಮೇಲಿಟ್ಟುಕೊಂಡ. ಆಕೆ ಮತ್ತೆ ಶುರುಮಾಡಿದಳು.